ಸಗಣಿ, ಕುಂಕುಮ, ನೂಲು: ಶೀಲಾ ಗೌಡ ಅವರ ಕಲೆಯಲ್ಲಿ ಸ್ತ್ರೀವಾದಿ ನೆಲೆಯ ಹುಟ್ಟು

ದೀಪಾವಳಿಯ ಪಾಡ್ಯದ ದಿನ ಐನಾಪುರವನ್ನೊಳಗೊಂಡ ಕೃಷ್ಣಾ ಕೊಳ್ಳದ ಒಕ್ಕಲು ಮನೆಗಳ ಅಂಗಳದಲ್ಲಿ ಸಗಣಿಯ ಸಣ್ಣ ಮೂರ್ತಿಗಳು ಎದ್ದು ನಿಲ್ಲುತ್ತವೆ. ಕೆಲವೆಡೆ ಅವುಗಳನ್ನು ಪಾಂಡವರೆಂದು, ಕೆಲವೆಡೆ ಹಟ್ಟೆವ್ವ ಇಲ್ಲವೆ ಹಟ್ಟಿ ಲಕ್ಕವ್ವ ಎಂದು ಕರೆಯುತ್ತಾರೆ. ಹಸಿ ಸಗಣಿಯನ್ನು ಅಂಗೈಯಲ್ಲಿ ನಾದಿ, ಗೋಪುರದಂತೆ ಎತ್ತರಿಸಿ, ತುದಿಗೆ ಉತ್ರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ, ಅರಿಸಿನ ಕುಂಕುಮವೇರಿಸುವ ಈ ಕೆಲಸವೆಲ್ಲ ಮನೆಯ ಹೆಣ್ಣುಮಕ್ಕಳದು. ಮಣ್ಣಿನ ಗುಳ್ಳವ್ವನನ್ನು ಮಾಡುವವರೂ, ಕೌದಿಗೆ ತುಂಡು ಬಟ್ಟೆ ಹೊಂದಿಸುವವರೂ, ಗೋಡೆ ಸಾರಿಸಿ ಸುಣ್ಣದ ಚಿತ್ತಾರ ಬರೆಯುವವರೂ ಅವರೇ. ಆಕಾರ, ಪ್ರಮಾಣ, ಬಣ್ಣದ ಹೊಂದಾಣಿಕೆ, ವಸ್ತುವಿನ ಗುಣದ ಅರಿವು ಮೊದಲಾಗಿ ಶಿಲ್ಪಶಾಲೆಯೊಂದು ಕಲಿಸಬೇಕಾದ ಹಲವು ಸಂಗತಿಗಳು ಈ ಕೈಗಳಿಗೆ ರೂಢಿಯಿಂದಲೇ ಬಂದಿವೆ. ಆದರೂ ಈ ಕೈಗಳ ಒಡತಿಯನ್ನು ‘ಕಲಾವಿದೆ’ ಎಂದು ಕರೆದ ದಾಖಲೆ ಹುಡುಕಿದರೂ ಸಿಗುವುದು ಕಷ್ಟ.

ಇದೇ ಸೀಮೆಯ ಹೆಣ್ಣುಮಕ್ಕಳ ಹಾಡಿಗೆ ಒದಗಿದ ಗತಿ ಬೇರೆಯದು. ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದಿನ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಮೇಲೆ ಅವು ಕಾವ್ಯವೆಂಬ ಮನ್ನಣೆ ಪಡೆದವು. ಕನ್ನಡ ವಿಭಾಗಗಳ ಪಠ್ಯಗಳಾದವು, ಛಂದಸ್ಸಿನ ಚರ್ಚೆಗೆ ಒಳಗಾದವು. ಹಾಡಿದ ಬಾಯಿಗೆ ಸಾಹಿತ್ಯ ಚರಿತ್ರೆಯಲ್ಲಿ ಒಂದು ಮೂಲೆಯಾದರೂ ದಕ್ಕಿತು. ಹಾಡುತ್ತಲೇ ದುಡಿಯುತ್ತಿದ್ದ ಕೈಗೆ ಮಾತ್ರ ಕಲಾಚರಿತ್ರೆಯಲ್ಲಿ ಜಾಗ ದೊರೆಯಲಿಲ್ಲ. ಅದು ಮಾಡಿದ್ದು ‘ಗೃಹಕೃತ್ಯ’, ಹೆಚ್ಚೆಂದರೆ ‘ಕರಕುಶಲ’ ಎಂಬ ಶೀರ್ಷಿಕೆಯಡಿ ಜಾನಪದ ವಸ್ತುಸಂಗ್ರಹಾಲಯದ ಕಪಾಟು ಸೇರಿತು. ಕನ್ನಡದ ಸ್ತ್ರೀವಾದಿ ವಿಮರ್ಶೆ ಮಾತಿನ ಲೋಕದಲ್ಲಿ ನಡೆಸಿದ ದೊಡ್ಡ ಮರುಓದಿಗೆ ಸಾಟಿಯಾದ ಕೆಲಸ ದೃಶ್ಯಲೋಕದಲ್ಲಿ ನಡೆದದ್ದು ತೀರ ಕಡಿಮೆ.

ಈ ಕಂದಕವನ್ನು ವಿಮರ್ಶೆಯ ಮೂಲಕವಲ್ಲದೆ ಕೃತಿಗಳ ಮೂಲಕವೇ ಎದುರುಗೊಂಡ ಕಲಾವಿದೆಯರಲ್ಲಿ ಶೀಲಾ ಗೌಡ ಪ್ರಮುಖರು. ಇಂದು ಅವರ ಹೆಸರು ಲೋಕದ ದೊಡ್ಡ ಕಲಾ ಪ್ರದರ್ಶನಗಳೊಂದಿಗೆ ಸೇರಿಕೊಂಡಿದೆ. ಆದರೆ ಪ್ರಸ್ತುತ ಲೇಖನದ ಗಮನ ಆ ಖ್ಯಾತಿಯ ಕಾಲದ ಮೇಲಲ್ಲ. ಒಬ್ಬ ವರ್ಣಚಿತ್ರಕಾರ್ತಿ ಕುಂಚವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡ 1992ರಿಂದ, ನೂಲು ಸೂಜಿಗಳ ಮಹತ್ಕೃತಿಯೊಂದು ಪೂರ್ಣ ರೂಪ ಪಡೆದ 2001ರವರೆಗಿನ ಸುಮಾರು ಒಂದು ದಶಕ ಇಲ್ಲಿನ ಮುಖ್ಯ ವಿಷಯ. ಸ್ತ್ರೀವಾದಿ ಕಲಾವಿದೆಯೊಬ್ಬಳು ರೂಪುಗೊಂಡದ್ದು ಆ ಅವಧಿಯಲ್ಲಿ.

ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು 1979ರಲ್ಲಿ ಡಿಪ್ಲೊಮಾ ಪಡೆದರು. ಆ ಶಾಲೆಯನ್ನು ಕಟ್ಟಿದವರು ಬಾದಾಮಿಯಿಂದ ಬಂದ ಆರ್.ಎಂ. ಹಡಪದ ಅವರೆಂಬುದನ್ನು ಇಲ್ಲಿ ನೆನೆಯಬೇಕು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಅವರಂಥವರು ಕಟ್ಟಿದ ಉತ್ತರ ಕರ್ನಾಟಕದ ಕಲಾಶಿಕ್ಷಣ ಪರಂಪರೆ ಬಹುಮಟ್ಟಿಗೆ ಭಾವಚಿತ್ರ ಮತ್ತು ನಿಸರ್ಗಚಿತ್ರದ ವಾಸ್ತವವಾದಿ ಪರಂಪರೆ. ಗುರುವೂ ಶಿಷ್ಯನೂ ಹೆಚ್ಚಾಗಿ ಗಂಡಸರೇ ಆಗಿದ್ದ ಪರಂಪರೆ ಕೂಡ. ಅದೇ ಸೀಮೆಯಿಂದ ಹೊರಟ ಹಡಪದರು ಬೆಂಗಳೂರಿನಲ್ಲಿ ಕಟ್ಟಿದ ಶಾಲೆಯೋ ಪ್ರಯೋಗಕ್ಕೆ ಬಾಗಿಲು ತೆರೆದಿಟ್ಟಿತು. ಅಲ್ಲಿಂದ ಶೀಲಾ ಶಾಂತಿನಿಕೇತನದ ವಿಶ್ವಭಾರತಿಗೆ ಹೋಗಿ 1982ರಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮುಗಿಸಿದರು. ಕೆ.ಜಿ. ಸುಬ್ರಮಣ್ಯನ್ ಅವರು ಶಾಂತಿನಿಕೇತನಕ್ಕೆ ಮರಳಿ ಕಲಿಸುತ್ತಿದ್ದ ವರ್ಷಗಳವು. ಬೊಂಬೆ, ಮಣ್ಣಿನ ಫಲಕ, ಹೆಣಿಗೆ, ಗೋಡೆಚಿತ್ರಗಳನ್ನು ‘ದೊಡ್ಡ’ ಕಲೆಯ ಪಕ್ಕದಲ್ಲಿ ಅಂಜಿಕೆಯಿಲ್ಲದೆ ಇಟ್ಟು ನೋಡಿದ ಸುಬ್ರಮಣ್ಯನ್‌ರ ದೃಷ್ಟಿ ಅವರಿಗೆ ದೊರೆತ ಮಹತ್ವದ ಬುತ್ತಿ. ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ 1986ರಲ್ಲಿ ಚಿತ್ರಕಲೆಯಲ್ಲಿ ಎಂ.ಎ. ಪದವಿ ಪಡೆದು ಬೆಂಗಳೂರಿಗೆ ಮರಳಿದರು.

ಆರಂಭದ ತೈಲವರ್ಣ ಚಿತ್ರಗಳಲ್ಲಿ ನಿಸರ್ಗದ ನಡುವೆ ತಮ್ಮೊಳಗೇ ಮುಳುಗಿದ ಹುಡುಗಿಯರು ಕಾಣಿಸಿಕೊಳ್ಳುತ್ತಾರೆ. ಬಳಿಕದ ಚಿತ್ರಗಳಲ್ಲಿ ಮಧ್ಯಮವರ್ಗದ ಬದುಕಿನ ಗೊಂದಲ, ದೇಹಗಳ ಒತ್ತಡ ಹೆಚ್ಚು ಒರಟಾಗಿ ಮೂಡುತ್ತವೆ. ಹೆಣ್ಣು ಅಲ್ಲಿದ್ದಾಳೆ, ಆದರೆ ಚೌಕಟ್ಟಿನ ಒಳಗೆ, ನೋಡುವವರ ಎದುರಿಗೆ, ಚಿತ್ರದ ‘ವಸ್ತು’ವಾಗಿ ಇದ್ದಾಳೆ. ಇದು ಆ ಕಾಲದ ಭಾರತೀಯ ಕಲಾವಿದೆಯರು ಸಾಮಾನ್ಯವಾಗಿ ಎದುರಿಸುತ್ತಿದ್ದ ಪ್ರಶ್ನೆ. ನಳಿನಿ ಮಲಾನಿ, ನೀಲಿಮಾ ಶೇಖ್, ಅರ್ಪಿತಾ ಸಿಂಗ್, ಮಾಧವಿ ಪಾರೇಖ್ ಈ ನಾಲ್ವರು ಕೂಡಿ 1987ರಿಂದ 1989ರವರೆಗೆ ನಡೆಸಿದ ‘ಥ್ರೂ ದಿ ಲುಕಿಂಗ್ ಗ್ಲಾಸ್’ ಪ್ರದರ್ಶನ ಮಾಲೆ, ಹೆಣ್ಣು ತನ್ನನ್ನು ತಾನೇ ಚಿತ್ರಿಸಿಕೊಳ್ಳುವಾಗ ಏನಾಗುತ್ತದೆ ಎಂಬುದನ್ನು ಸಾರ್ವಜನಿಕ ಚರ್ಚೆಗೆ ತಂದಿತ್ತು. ಪಶ್ಚಿಮದಲ್ಲಿ ಲಿಂಡಾ ನಾಕ್ಲಿನ್ 1971ರಲ್ಲೇ ಮಹಾನ್ ಕಲಾವಿದೆಯರು ಏಕಿಲ್ಲವೆಂದು ಕೇಳಿ, ಉತ್ತರವನ್ನು ಪ್ರತಿಭೆಯಲ್ಲಲ್ಲ, ಸಂಸ್ಥೆಗಳಲ್ಲಿ ಹುಡುಕಬೇಕೆಂದು ವಾದಿಸಿದ್ದರು. ಕನ್ನಡದಲ್ಲಿ 1979ರಲ್ಲಿ ಲೇಖಕಿಯರ ಸಂಘ ಹುಟ್ಟಿಕೊಂಡ ಹಿನ್ನೆಲೆಯಲ್ಲಿಯೂ ಇದಕ್ಕೆ ಹತ್ತಿರದ ಪ್ರಶ್ನೆಯೇ ಇತ್ತು.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಕೆಡವಲ್ಪಟ್ಟಿತು. ಅದರ ಬೆನ್ನಿಗೇ ಮುಂಬಯಿ 1993ರ ಜನವರಿಯವರೆಗೆ ಗಲಭೆಯಲ್ಲಿ ಬೆಂದಿತು. ಆ ಹಿಂಸೆಯ ಎದುರಿನಲ್ಲಿ ಕ್ಯಾನ್ವಾಸಿನ ಮೇಲಿನ ವರ್ಣಚಿತ್ರ ಶೀಲಾ ಅವರಿಗೆ ಸಾಲದೆನಿಸಿತು. ಹಿಂಸೆಯನ್ನು ಚಿತ್ರಿಸುವುದು ಸುಲಭ. ಚಿತ್ರಿಸಿದಾಗ ಅದು ಇನ್ನೊಂದು ಚಂದದ ಚಿತ್ರವಾಗಿಬಿಡುವುದೂ ಅಷ್ಟೇ ಸುಲಭ. ಅವರು ಸಗಣಿಯತ್ತ ತಿರುಗಿದ್ದನ್ನು ಈ ಬಿಕ್ಕಟ್ಟಿನ ಒಳಗಿಟ್ಟೇ ಓದಬೇಕು. ಮೊದಲು ಬಣ್ಣವಾಗಿ, ಮೇಲ್ಮೈಯಾಗಿ ಬಂದ ಸಗಣಿ ಕ್ರಮೇಣ ಗೋಡೆಯಿಂದಿಳಿದು ನೆಲದ ಮೇಲೆ ನಿಲ್ಲುವ ಶಿಲ್ಪದ ದ್ರವ್ಯವಾಯಿತು.

ಈ ದ್ರವ್ಯ ಎಷ್ಟು ಸಿಕ್ಕುಗಳನ್ನು ತನ್ನೊಂದಿಗೆ ತರುತ್ತದೆ ಎಂಬುದು ಕನ್ನಡ ಓದುಗರಿಗೆ ವಿವರಿಸಬೇಕಾದ ಸಂಗತಿಯಲ್ಲ. ಅದು ಮಡಿಯ ದ್ರವ್ಯ, ಪಂಚಗವ್ಯದ ಭಾಗ. ಉರುವಲು, ಗೊಬ್ಬರ, ನೆಲದ ಹೊದಿಕೆಯೂ ಹೌದು. ಗೋವಿನ ಪಾವಿತ್ರ್ಯ ರಾಜಕೀಯದ ಆಯುಧವಾಗಿ ಮಸೆಯಲ್ಪಡುತ್ತಿದ್ದ ಕಾಲದಲ್ಲಿ ಅದೇ ಗೋವಿನ ಅತಿ ಸಾಧಾರಣ ಉತ್ಪನ್ನವನ್ನು, ಅದೂ ಘೋಷಣೆಯ ಸ್ವರವಿಲ್ಲದೆ, ಕಲಾಶಾಲೆಯ ಒಳಗೆ ತಂದಿಟ್ಟದ್ದು ಧೈರ್ಯದ ನಡೆ. ಜೊತೆಗೆ ಸಗಣಿ ಹೆಣ್ಣಿನ ದಿನಚರಿಯ ದ್ರವ್ಯ. ನಸುಕಿನಲ್ಲಿ ಎದ್ದು ಕೊಟ್ಟಿಗೆ ಬಳಿಯುವವಳು, ಅಂಗಳ ಸಾರಿಸುವವಳು, ಕುಳ್ಳು ತಟ್ಟುವವಳು ಹೆಣ್ಣು. ಗೋಡೆಗೆ ತಟ್ಟಿದ ಪ್ರತಿ ಕುಳ್ಳಿನ ಮೇಲೂ ಐದು ಬೆರಳಿನ ಗುರುತು ಉಳಿಯುತ್ತದೆ. ಸಹಿ ಹಾಕಲು ಬಾರದವರ ಸಹಿ ಅದೆಂದರೆ ಉತ್ಪ್ರೇಕ್ಷೆಯಾಗಲಾರದು.

1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಗೆರೆಯಾಗಿ ಸಾಗುತ್ತವೆ. ಇಟ್ಟಿಗೆಗಳ ನಡುವಿನ ಸೀಳಿನಲ್ಲಿ ಗಾರೆಯ ಜಾಗದಲ್ಲಿ ಕುಂಕುಮವಿದೆ. ಇಷ್ಟೇ. ಮನೆ ಕಟ್ಟುವ ಗಾರೆಯ ಬದಲು ಮುತ್ತೈದೆತನದ ಗುರುತು ಬಂದು ಕುಳಿತಾಗ, ‘ಸಂಸಾರ ಕಟ್ಟುವುದು’ ಎಂಬ ನಮ್ಮ ನುಡಿಗಟ್ಟು ತಟ್ಟನೆ ತನ್ನ ಒಳಗನ್ನು ತೋರುತ್ತದೆ: ಗೋಡೆಯ ಭಾರ ಯಾವುದರ ಮೇಲೆ ನಿಂತಿದೆ, ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಏನು? ಆ ಕೆಂಪು ಗೆರೆಯನ್ನು ಗಾಯದ ಗೆರೆಯೆಂದು ಓದಲೂ ಅವಕಾಶವಿದೆ. ಕೃತಿ ಎರಡರಲ್ಲಿ ಯಾವುದನ್ನೂ ಒತ್ತಿ ಹೇಳುವುದಿಲ್ಲ.

ಈ ದಶಕದ ಅತಿ ಮುಖ್ಯ ಕೃತಿ 1998ರಲ್ಲಿ ತೊಡಗಿ 2001ರಲ್ಲಿ ಮುಂದಿನ ರೂಪ ಪಡೆದ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’, ಎಂದರೆ ‘ಅವನಿಗೆ ನನ್ನ ನೋವನ್ನು ಹೇಳು’. ಇದರ ರಚನಾಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅರ್ಥ ಇರುವುದು ಕ್ರಮದಲ್ಲಿಯೇ. ಸಾಮಾನ್ಯ ಹೊಲಿಗೆಯ ನೂಲನ್ನು ಸೂಜಿಯ ಕಣ್ಣಿಗೆ ಪೋಣಿಸಲಾಗುತ್ತದೆ. ಹೊಲಿಯುವವರು ಮೊಳ ಎರಡು ಮೊಳ ಎಳೆದು ನಿಲ್ಲಿಸುತ್ತಾರೆ. ಇಲ್ಲಿ ನೂರು ಮೀಟರಿನಷ್ಟು ಉದ್ದದ ನೂಲು ಆ ಸಣ್ಣ ಕಣ್ಣಿನ ಮೂಲಕವೇ ಹಾದುಹೋಗಬೇಕು. ಇಂಥ ಹತ್ತಾರು ಸೂಜಿಗಳ ನೂಲುಗಳನ್ನು ಒಟ್ಟುಗೂಡಿಸಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಕೈಯಿಂದ ಉದ್ದಕ್ಕೂ ಸವರಿ ಹುರಿಗಟ್ಟಲಾಗುತ್ತದೆ. ಒಣಗಿದ ಮೇಲೆ ಅದು ಬೆರಳು ಗಾತ್ರದ ಕಡುಗೆಂಪು ಹಗ್ಗ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ತೂಗುತ್ತಿರುತ್ತದೆ. ಈ ಹಗ್ಗಗಳು ಪ್ರದರ್ಶನದ ಕೋಣೆಯ ಗೋಡೆಯಿಂದ ಇಳಿಬಿದ್ದು, ನೆಲದ ಮೇಲೆ ಹರಿದಾಡಿ, ಸುರುಳಿ ಸುತ್ತಿ, ಮತ್ತೆ ಮೇಲೇರುತ್ತವೆ. ದೂರದಿಂದ ನೋಡಿದವರಿಗೆ ಗಾಳಿಯಲ್ಲಿ ಬರೆದ ರೇಖಾಚಿತ್ರ. ಹತ್ತಿರ ಹೋದರೆ ನರ, ಕರುಳು, ಹೊಕ್ಕುಳಬಳ್ಳಿ. ಇನ್ನೂ ಹತ್ತಿರ ಹೋದವರಿಗೆ ಸೂಜಿಯ ಮೊನೆ.

ಹೊಲಿಯಲು ಸಿದ್ಧವಾದ ನೂಲು ಇಲ್ಲಿ ಏನನ್ನೂ ಹೊಲಿಯುವುದಿಲ್ಲ. ಹೆಣ್ಣಿನ ಕೆಲಸದ ಫಲವನ್ನು ಬದಿಗಿಟ್ಟು, ಆ ಕೆಲಸದ ಶುದ್ಧ ಶ್ರಮವನ್ನು ಮಾತ್ರ ಉದ್ದಕ್ಕೆ ಹಾಸಿ ತೋರಿಸಿದಂತಿದೆ. ಹರಿದದ್ದನ್ನು ಹೊಲಿ, ಹೊಂದಿಸಿಕೊಂಡು ಹೋಗು ಎಂಬ ಬುದ್ಧಿವಾದವನ್ನು ಕೇಳಿಯೇ ಬೆಳೆದವರಿಗೆ ಈ ನಿರಾಕರಣೆಯ ತೂಕ ತಿಳಿಯುತ್ತದೆ. ಶೀರ್ಷಿಕೆಯಲ್ಲಿ ನೋವಿದೆ, ನೋವನ್ನು ತಲುಪಿಸಲು ಮೂರನೆಯವರ ಮೊರೆಹೋಗುವ ಅಸಹಾಯಕತೆಯಿದೆ. ‘ಅವನು’ ಯಾರೆಂಬುದು ಮಾತ್ರ ತೆರೆದೇ ಉಳಿದಿದೆ.

ಕನ್ನಡದ ಅಧ್ಯಯನಕಾರರು ಇಲ್ಲಿ ಹನ್ನೆರಡನೆಯ ಶತಮಾನದ ಕದಿರ ರೆಮ್ಮವ್ವೆಯನ್ನು ನೆನೆಯದಿರಲಾರರು. ನೂಲುವ ಕಾಯಕದ ಈ ವಚನಕಾರ್ತಿಗೆ ರಾಟೆ, ಕದಿರುಗಳೇ ಅನುಭಾವದ ಪರಿಭಾಷೆಯಾದವು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ, ಅಕ್ಕಿ ಆಯುವ ಲಕ್ಕಮ್ಮ ಕೂಡ ಕೈಯ ಕೆಲಸದಿಂದಲೇ ಮಾತನ್ನು ಪಡೆದವರು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ರೆಮ್ಮವ್ವೆಯಲ್ಲಿ ನೂಲುವ ಕೆಲಸ ರೂಪಕವಾಗಿ ಲಿಂಗಾಂಗ ಸಾಮರಸ್ಯದತ್ತ ಏರುತ್ತದೆ. ಶೀಲಾ ಅವರ ನೂಲು ಹಾಗೆ ಏರುವುದಿಲ್ಲ. ಅದು ನೂಲಾಗಿಯೇ, ತನ್ನ ಭಾರದಲ್ಲಿಯೇ ಉಳಿಯುತ್ತದೆ. ವಸ್ತುವನ್ನು ಸಂಕೇತಕ್ಕೆ ಬಿಟ್ಟುಕೊಡದ ಈ ಹಟವೇ ಅವರ ಕಲೆಯ ವೈಶಿಷ್ಟ್ಯ ಎನ್ನಬೇಕು.

ಹಾಗಿದ್ದರೆ ಇದನ್ನು ಸ್ತ್ರೀವಾದಿ ಕಲೆಯೆಂದು ಕರೆಯುವುದು ಯಾವ ಅರ್ಥದಲ್ಲಿ? ಪ್ರಶ್ನೆ ಸುಮ್ಮನೆ ಎತ್ತಿದ್ದಲ್ಲ. ಬೆಂಗಳೂರಿನವರೇ ಆದ, 1956ರಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ ಅವರೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಶಿಲ್ಪಿಯಾಗಿ ಆರಂಭಿಸಿದ ಪುಷ್ಪಮಾಲಾ 1990ರ ದಶಕದ ನಡುವಿನಲ್ಲಿ ತಮ್ಮ ದೇಹವನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಿಂದ ಹಿಡಿದು ವಸಾಹತುಶಾಹಿ ಮಾನವಶಾಸ್ತ್ರದ ‘ಮಾದರಿ ಹೆಂಗಸಿ’ನವರೆಗೆ ಎಲ್ಲ ಪಡಿಯಚ್ಚುಗಳನ್ನೂ ತಾವೇ ನಟಿಸಿ ಒಡೆದರು. ಸುರೇಖಾ ಅವರು ‘ಕೆರೆಗೆ ಹಾರ’ದ ಭಾಗೀರಥಿಯನ್ನು ದೃಶ್ಯಮಾಧ್ಯಮಕ್ಕೆ ತಂದು, ಕನ್ನಡ ಜನಪದ ಕಥನಗೀತೆಯೊಂದು ಮೆಚ್ಚಿಕೊಂಡ ಬಲಿಯನ್ನು ಮತ್ತೆ ಪ್ರಶ್ನೆಯಾಗಿಸಿದರು. ಇವೆರಡೂ ಹೆಣ್ಣಿನ ಪ್ರತಿಮೆಯನ್ನು ಪ್ರಶ್ನಿಸುವ ಬಗೆಗಳು. ಶೀಲಾ ಪ್ರತಿಮೆಯನ್ನೇ ಕೈಬಿಟ್ಟರು. ಅವರ ಮುಖ್ಯ ಕೃತಿಗಳಲ್ಲಿ ಹೆಣ್ಣಿನ ಮುಖವಿಲ್ಲ, ಮೈಯಿಲ್ಲ; ಹೆಣ್ಣು ಮುಟ್ಟಿದ ದ್ರವ್ಯ, ಕಳೆದ ಹೊತ್ತು, ಮತ್ತೆ ಮತ್ತೆ ಮಾಡಿದ ಚಲನೆ ಇವೆ. ನೋಡುವ ಕಣ್ಣಿಗೆ ಆಹಾರವಾಗಲು ಒಪ್ಪದ ಹೆಣ್ಣು ಇಲ್ಲಿ ಕಣ್ಮರೆಯಾಗಿಯೇ ಎಲ್ಲೆಡೆ ತುಂಬಿಕೊಂಡಿದ್ದಾಳೆ. ಪ್ರತಿಮೆಯ ಸ್ತ್ರೀವಾದಕ್ಕಿಂತ ಇದು ಕಡಿಮೆ ಸ್ತ್ರೀವಾದಿಯಲ್ಲ. ಆದರೆ ಓದಲು ಹೆಚ್ಚು ಕಷ್ಟದ್ದು, ಹಾಗೆಯೇ ತಪ್ಪಾಗಿ ಓದಲು ಹೆಚ್ಚು ಸುಲಭದ್ದು.

ತಪ್ಪು ಓದಿನ ಒಂದು ಅಪಾಯ ಹೊರಗಿನಿಂದ ಬರುವಂಥದು. ಈ ನೂಲಿನ ಕೃತಿ 2003ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ನ ಪ್ರದರ್ಶನದಲ್ಲಿತ್ತು. ಕುಂಕುಮದ ವಾಸನೆ ತಿಳಿಯದ ಕಣ್ಣಿಗೆ ಅದು ಅಮೂರ್ತ ಶಿಲ್ಪದ ಚೆಲುವಾಗಿ ಅಥವಾ ‘ಭಾರತೀಯತೆ’ಯ ಮಾದರಿಯಾಗಿ ಕಾಣುವ ಸಾಧ್ಯತೆಯೇ ಹೆಚ್ಚು. 1960ರ ದಶಕದ ಇಟಲಿಯ ಕಲಾವಿದರು ಬಡ ದ್ರವ್ಯಗಳನ್ನು ಬಳಸಿದ ‘ಆರ್ತೆ ಪೊವೆರಾ’ ಪಂಥದೊಂದಿಗೆ ಹೋಲಿಸಿ ವಿವರಿಸುವುದೂ ಉಂಟು. ಹೋಲಿಕೆ ಪೂರ್ತಿ ತಪ್ಪಲ್ಲ. ಆದರೆ ಅಲ್ಲಿ ಕಲ್ಲಿದ್ದಲು, ಗೋಣಿಗಳು ಕಲೆಯ ಮಾರುಕಟ್ಟೆಗೆ ಎಸೆದ ಸವಾಲಾಗಿದ್ದರೆ, ಇಲ್ಲಿ ಸಗಣಿ ಕುಂಕುಮಗಳು ಮೊದಲೇ ಅರ್ಥದಿಂದ ಕಿಕ್ಕಿರಿದ ದ್ರವ್ಯಗಳು. ಕುಂಕುಮವನ್ನು ಅಳಿಸಿಕೊಳ್ಳಬೇಕಾಗಿ ಬಂದ ಹೆಣ್ಣು ಆ ಕೋಣೆಯಲ್ಲಿ ನಿಂತರೆ ಕೃತಿ ಬೇರೆಯೇ ಆಗುತ್ತದೆ.

ಇನ್ನೊಂದು ಅಪಾಯ ನಮ್ಮದೇ. ‘ಹೆಣ್ಣಿನ ಕೆಲಸ’ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಯಾವ ಹೆಣ್ಣು ಎಂದು ಕೇಳುವುದು ಬಿಟ್ಟುಹೋಗುತ್ತದೆ. ಉಳ್ಳವರ ಕೊಟ್ಟಿಗೆಯ ಸಗಣಿ ಬಳಿಯುವುದು ಎಷ್ಟೋ ಕಡೆ ಆ ಮನೆಯ ಒಡತಿಯಲ್ಲ, ಕೂಲಿಗೆ ಬರುವ ದಲಿತ ಹೆಣ್ಣುಮಗಳು. ಅದೇ ಸಗಣಿಯಿಂದ ಶುದ್ಧವಾದ ಜಗಲಿಯನ್ನು ಏರುವ ಹಕ್ಕು ಅವಳಿಗಿರಲಿಲ್ಲ. ಅಥಣಿ, ನಿಪ್ಪಾಣಿ ಸೀಮೆಯಲ್ಲೇ ಇದನ್ನು ಬೇರೆ ಬಗೆಯಲ್ಲಿ ಕಾಣಬಹುದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಆ ಚಪ್ಪಲಿಯ ಹೆಣಿಗೆ ಹೊಲಿಗೆಗಳಲ್ಲಿ ಹೆಣ್ಣುಮಕ್ಕಳ ಕೈ ದೊಡ್ಡದು. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಕೈಗಳೂ ಅವರವೇ. ಈ ಶ್ರಮಗಳಿಗೆ ಜಾತಿಯ ಗುರುತಿದೆ, ಕೂಲಿಯ ಲೆಕ್ಕವಿದೆ. ಶೀಲಾ ಅವರ ಸಗಣಿಯ ಕೃತಿಗಳು ಈ ಭೇದವನ್ನು ನೇರವಾಗಿ ಎತ್ತಿ ತೋರುವುದಿಲ್ಲ ಎಂಬ ಆಕ್ಷೇಪಕ್ಕೆ ಎಡೆಯಿದೆ. ಅವರ ಮುಂದಿನ ಕೃತಿಗಳು ಕೂಲಿಯ ಲೋಕದತ್ತ ಹೆಚ್ಚು ಸ್ಪಷ್ಟವಾಗಿ ಚಲಿಸಿದವೆಂಬುದನ್ನು ಕೂಡ ಇದರೊಂದಿಗೆ ಹೇಳಬೇಕು. 2006ರ ‘ಡಾರ್ಕ್‌ರೂಮ್’ ರಸ್ತೆ ಕಾರ್ಮಿಕರ ಡಾಂಬರು ಡ್ರಮ್ಮುಗಳಿಂದ ಕಟ್ಟಿದ ಗುಡಿಸಲು. ತೆವಳಿಕೊಂಡು ಒಳಹೊಕ್ಕವರಿಗೆ ತಗಡಿನ ಚಾವಣಿಯ ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ. 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ 12ರಲ್ಲಿ ತೋರಿಸಿದ ‘ಕೊಲ್ಯಾಟರಲ್’ನಲ್ಲಿ ಅಗರಬತ್ತಿಯ ಹಿಟ್ಟು ಉರಿದು ಬೂದಿಯಾಗಿ ಉಳಿದಿದೆ, ಅಗರಬತ್ತಿ ಹೊಸೆಯುವ ಕೆಲಸ ಕರ್ನಾಟಕದಲ್ಲಿ ಯಾರದೆಂಬುದು ತಿಳಿದದ್ದೇ. 2009ರ ವೆನಿಸ್ ಬಿನಾಲೆಯಲ್ಲಿದ್ದ ‘ಬಿಹೋಲ್ಡ್’ ಕೃತಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗ ಉಕ್ಕಿನ ಕಾರ್ ಬಂಪರ್‌ಗಳನ್ನು ಎತ್ತಿ ಹಿಡಿದಿದೆ. ದೇವರಿಗೆ ಮುಡಿ ಕೊಟ್ಟವರ ಕೂದಲು, ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕಟ್ಟುವ ಕರಿಹಗ್ಗವಾಗಿ, ಕೊನೆಗೆ ಲಂಡನ್ನಿನ ಟೇಟ್ ಸಂಗ್ರಹಕ್ಕೆ ಸೇರಿತು. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು.

ಪರಿಭಾಷೆಯ ಬಗ್ಗೆ ಒಂದು ಮಾತು. ಇಂಥ ಕೃತಿಗಳಿಗೆ ಕನ್ನಡದಲ್ಲಿ ‘ಪ್ರತಿಷ್ಠಾಪನ ಕಲೆ’ ಎಂಬ ಪದ ಚಲಾವಣೆಗೆ ಬಂದಿದೆ. ಇಂಗ್ಲಿಷಿನ ‘ಇನ್‌ಸ್ಟಲೇಷನ್’ ಎಂಬುದರಲ್ಲಿ ಯಂತ್ರ ಜೋಡಿಸುವ ದನಿಯಿದ್ದರೆ, ನಮ್ಮ ಪದದಲ್ಲಿ ಗರ್ಭಗುಡಿಯ ದನಿಯಿದೆ. ಪ್ರತಿಷ್ಠಾಪನೆ ಮಾಡುವವರು ಪುರೋಹಿತರು. ಹೆಣ್ಣಿಗೆ ಅಲ್ಲಿ ರಂಗೋಲಿ ಹಾಕುವ, ಆರತಿ ತರುವ ಪಾತ್ರ ಮಾತ್ರ. ಸಗಣಿ ಕುಂಕುಮಗಳನ್ನು ಹೆಣ್ಣೊಬ್ಬಳು ತನ್ನ ಅಧಿಕಾರದಲ್ಲಿ ‘ಪ್ರತಿಷ್ಠಾಪಿಸು’ವಾಗ, ಅನುವಾದಕರು ಬಯಸದಿದ್ದರೂ, ಪದವೇ ಕೃತಿಗೆ ಒಂದು ಕುಹಕವನ್ನು ಸೇರಿಸುತ್ತದೆ. ಪದವನ್ನು ಬದಲಿಸಬೇಕೆನ್ನುವವರು ಈ ಲಾಭವನ್ನೂ ಎಣಿಸುವುದು ಒಳ್ಳೆಯದು.

ಸಗಣಿಯ ಕೃತಿಯನ್ನು ಕಾಯುವುದು ವಸ್ತುಸಂಗ್ರಹಾಲಯಗಳಿಗೆ ಸುಲಭವಲ್ಲ. ಒಣಗಿದರೆ ಬಿರಿಯುತ್ತದೆ, ತೇವ ತಾಕಿದರೆ ಬೂಸ್ಟು ಹಿಡಿಯುತ್ತದೆ, ಹುಳ ಬೀಳುತ್ತದೆ. ಕೃಷ್ಣೆಯ ದಂಡೆಯ ಮನೆಗಳಲ್ಲಿ ಈ ತೊಂದರೆಯಿಲ್ಲ. ಪಾಡ್ಯದ ಪಾಂಡವರು ಹಬ್ಬ ಮುಗಿದ ಮೇಲೆ ಒಣಗಿ ಕುಳ್ಳಾಗಿ ಒಲೆ ಸೇರುತ್ತಾರೆ. ಮರುವರ್ಷ ಅದೇ ಕೈಗಳು ಹೊಸ ಸಗಣಿಯಲ್ಲಿ ಅವರನ್ನು ಮತ್ತೆ ಎಬ್ಬಿಸುತ್ತವೆ.